ಚಿರೆಕಲ್ಲಿನ ಮನೆಗೆ ವರ್ಷಕ್ಕೆ ಎಷ್ಟು ಬೇಕು?

ಗೃಹಜ್ಯೋತಿ ಬಂದ ಮೇಲೆ ನಮ್ಮ ಕಡೆ ಕರೆಂಟ್ ಬಿಲ್ಲು ಓದುವವರೇ ಕಡಿಮೆಯಾಗಿದ್ದಾರೆ. ಕಟ್ಟಬೇಕಾದ ಮೊತ್ತದ ಎದುರು ಸೊನ್ನೆ ಕಂಡರೆ ಮಡಚಿ ಇಟ್ಟಲ್ಲಿಗೆ ಮುಗಿಯಿತು. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಯ, ಐವತ್ತು-ಅರವತ್ತು ವರ್ಷ ಹಳೆಯ ಹಂಚಿನ ಮನೆಯನ್ನು ಕೊಳ್ಳಲು ಹೊರಟವರು, ಪಾಲಿನಲ್ಲಿ ಪಡೆದವರು, ಬೆಂಗಳೂರು ಸಾಕೆಂದು ಊರಿಗೆ ಮರಳುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಮನೆ ನಡೆಸಲು ತಿಂಗಳಿಗೆ ಎಷ್ಟಾಗುತ್ತದೆ? ತಿಂಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಏಪ್ರಿಲ್-ಮೇಯಲ್ಲಿ ಸೆಕೆಯ ಖರ್ಚು, ಜೂನ್‌ನಿಂದ ಸೆಪ್ಟೆಂಬರ್ ತನಕ ಥಂಡಿಯ, ಅಂದರೆ ತೇವದ ಖರ್ಚು. ಎರಡಕ್ಕೂ ಸಂಬಂಧವೇ ಇಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಹಳೆ ಮನೆಯ ಹಣ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ ಹೋದರೆ ಹೆಚ್ಚಿನ ಸಲ ಕೊನೆಗೆ ಸಿಗುವುದು ನೀರೇ: ಹಂಚಿನ ಸಂದಿಯದು, ಗೋಡೆಯೊಳಗಿನದು, ಬಾವಿಯಿಂದ ಎತ್ತುವುದು, ಬಚ್ಚಲಲ್ಲಿ ಕಾಯಿಸುವುದು.

ಮೊದಲು ಹಾಳೆಯ ಮೇಲಿನ ಕೆಲಸ. ಹಿಂದಿನ 12 ತಿಂಗಳ ಹೆಸ್ಕಾಂ ಬಿಲ್ಲು, ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಕು, ಕೊಂಡ ಕಟ್ಟಿಗೆ, ಮಳೆಗೆ ಮುಂಚೆ ಹಂಚಿನ ಕೆಲಸಕ್ಕೆ ಕೊಟ್ಟ ಕೂಲಿ, ಬಣ್ಣ, ಒರಲೆ (ಗೆದ್ದಲು) ಔಷಧಿ ಎಲ್ಲ ಒಂದೇ ಪಟ್ಟಿಯಲ್ಲಿ ಬರಲಿ. ಬಿಲ್ಲಿನಲ್ಲಿ ರೂಪಾಯಿ ನೋಡಬೇಡಿ, ಯೂನಿಟ್ ನೋಡಿ. ಗೃಹಜ್ಯೋತಿಯಲ್ಲಿ 2022–23ರ ಸರಾಸರಿ ಬಳಕೆಗೆ ಶೇ 10 (ಸರಾಸರಿ 48ಕ್ಕಿಂತ ಕಡಿಮೆಯಿದ್ದರೆ 2024ರಿಂದ 10 ಯೂನಿಟ್) ಸೇರಿಸಿದಷ್ಟು ನಿಮ್ಮ ಅರ್ಹ ಯೂನಿಟ್. ಅದಕ್ಕಿಂತ ಮೇಲೆ ಉರಿಸಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಆ ವರ್ಷ ಮನೆಗೆ ಬೀಗ ಬಿದ್ದಿದ್ದರೆ ಅರ್ಹತೆ ತೀರ ಕಡಿಮೆ ಇರಬಹುದು, ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್ಟಿಗೂ ಒಂದೇ ದರ. ತೆರಿಗೆ, ಸರ್ಚಾರ್ಜ್ ಕೂಡಿಸಿ ಯೂನಿಟ್ಟಿಗೆ 7 ರೂಪಾಯಿ ಎಂದು ಇಲ್ಲಿ ಹಿಡಿದಿದ್ದೇನೆ. ನಿಮ್ಮ ಬಿಲ್ಲಿನ ದರ ಹಾಕಿ ಲೆಕ್ಕ ಮಾಡಿಕೊಳ್ಳಿ. ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟಿಗೆ ಇಷ್ಟೆಂದು ನಿಗದಿತ ಶುಲ್ಕ ಬೇರೆ ಇದೆ. ಹಿಂದೆ ಯಾವುದೋ ಕಾರಣಕ್ಕೆ ಹೆಚ್ಚು ಲೋಡ್ ಬರೆಸಿಕೊಂಡ ಮನೆಯಾದರೆ ಅದನ್ನು ಇಳಿಸಲು ಅರ್ಜಿ ಕೊಡಬಹುದು.

ಇದರಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಅರ್ಹತೆ 110 ಯೂನಿಟ್ ಇದ್ದು ಬಳಕೆ 90 ಇದ್ದರೆ, ಕರೆಂಟ್ ಉಳಿಸಿ ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಗ್ಯಾಸಿನ ಕೆಲಸದಲ್ಲಿ ಸ್ವಲ್ಪವನ್ನು ಇಂಡಕ್ಷನ್ ಒಲೆಗೆ ವರ್ಗಾಯಿಸುವುದೇ ಲಾಭ. ಬಳಕೆ 150 ಇದ್ದರೆ ಮೇಲಿನ 40 ಯೂನಿಟ್ ಇಳಿಸುವ ತನಕ ಪ್ರತಿ ಯೂನಿಟ್ಟಿಗೂ 7 ರೂಪಾಯಿ ಉಳಿತಾಯ. ಬಳಕೆ 195 ಇರುವ ಮನೆ ಎಲ್ಲರಿಗಿಂತ ಅಪಾಯದಲ್ಲಿದೆ: ಹಬ್ಬಕ್ಕೆ ಬಂದ ನೆಂಟರು ನಾಲ್ಕು ದಿನ ಹೆಚ್ಚು ಉಳಿದರೆ ಆ ತಿಂಗಳು ಸಾವಿರದ ನಾನೂರು ರೂಪಾಯಿಯ ಮೇಲೆ ಬಿಲ್ಲು ಬರುತ್ತದೆ.

ಇನ್ನು ಅಳತೆ. ಇದಕ್ಕೆ ದುಬಾರಿ ಉಪಕರಣ ಬೇಡ. ಡಿಜಿಟಲ್ ಮೀಟರಿನ ಮುಖದ ಮೇಲೆ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ, 3200 ಅಥವಾ 1600 ಹೀಗೆ. 36 ಲಕ್ಷವನ್ನು ಆ ಸಂಖ್ಯೆಯಿಂದಲೂ ಎರಡು ಮಿನುಗಿನ ನಡುವಿನ ಸೆಕೆಂಡಿನಿಂದಲೂ ಭಾಗಿಸಿದರೆ ಆ ಕ್ಷಣಕ್ಕೆ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. 3200ರ ಮೀಟರು 10 ಸೆಕೆಂಡಿಗೊಮ್ಮೆ ಮಿನುಗಿದರೆ ಸುಮಾರು 112 ವ್ಯಾಟ್. ಒಂದೊಂದೇ ಸಾಮಾನು ಹಚ್ಚಿ, ಆರಿಸಿ, ವ್ಯತ್ಯಾಸ ಬರೆದುಕೊಳ್ಳಿ. ಫ್ಯಾನು ನಿಜವಾಗಿ ಎಷ್ಟು ತಿನ್ನುತ್ತದೆ ಎಂಬುದಕ್ಕೆ ಡಬ್ಬಿಯ ಮೇಲಿನ ಬರಹಕ್ಕಿಂತ ಇದನ್ನು ನಂಬಬಹುದು.

ಈ ದೀಪದಿಂದಲೇ ಮಾಡಬೇಕಾದ ಇನ್ನೊಂದು ಪರೀಕ್ಷೆ ಹಣಕ್ಕಿಂತ ಜೀವಕ್ಕೆ ಮುಖ್ಯ. ಜೋರು ಮಳೆ ಹೊಡೆದ ಮಾರನೆಯ ದಿನ ಮೇನ್ ಸ್ವಿಚ್ ಹಾಕಿಟ್ಟು, ಫ್ರಿಜ್, ಇನ್ವರ್ಟರ್, ಟಿವಿ ಎಲ್ಲದರ ಪ್ಲಗ್ ಕಿತ್ತು, ಗೋಡೆಯ ಎಲ್ಲ ಸ್ವಿಚ್ ಆರಿಸಿ. ಆಗಲೂ ಕೆಂಪು ದೀಪ ಮಿನುಗುತ್ತಿದ್ದರೆ ವೈರಿಂಗ್‌ನಲ್ಲಿ ಎಲ್ಲೋ ಕರೆಂಟು ನೆಲಕ್ಕಿಳಿಯುತ್ತಿದೆ. ಮರದ ಪಟ್ಟಿಯ ಮೇಲೆ ಓಡುವ ಹಳೆಯ ವೈರಿನ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ, ಪಟ್ಟಿ ಒದ್ದೆಯಾದಾಗ ಸೋರಿಕೆ ಶುರು. 0.1 ಆಂಪಿಯರ್ ಸೋರಿದರೂ 23 ವ್ಯಾಟ್, ತಿಂಗಳಿಗೆ 16–17 ಯೂನಿಟ್. ದುಡ್ಡಿನ ಮಾತು ಹಾಗಿರಲಿ, ಅದರ ಮೂರರಲ್ಲೊಂದು ಪಾಲು ಮೈಮೇಲೆ ಹರಿದರೆ ಸಾಕು, ಜೀವ ಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ) ಹಿಡಿಸಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದ ಲೈನನ್ನು ಬದಲಿಸಿ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನೇ ತಪ್ಪಿಸಿ ಲೈನ್ ಕೊಟ್ಟ ಮನೆಗಳಿವೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಅದು ಬೀಳುತ್ತಿರುವುದೇ ಸೋರಿಕೆ ಇದೆ ಎಂದು ಹೇಳಲು.

ಹಳೆ ಮನೆಯಲ್ಲಿ ಅತಿ ಹೆಚ್ಚು ವ್ಯರ್ಥ ಮಾಡುವ ಯಂತ್ರ ಯಾವುದು ಎಂದರೆ ನಾನು ಬಾವಿಯ ಪಂಪಿನತ್ತ ಬೆರಳು ತೋರಿಸುತ್ತೇನೆ. ಇದರ ಪರೀಕ್ಷೆ ಸುಲಭ. 1,000 ಲೀಟರಿನ ಟ್ಯಾಂಕನ್ನು ಖಾಲಿ ಮಾಡಿ, ತುಂಬಲು ಎಷ್ಟು ನಿಮಿಷ ಬೇಕು ನೋಡಿ; ಮೀಟರಿನ ರೀಡಿಂಗ್ ಮೊದಲು ಮತ್ತು ಆಮೇಲೆ ಬರೆದುಕೊಳ್ಳಿ. ಬಾವಿಯ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ 15 ಮೀಟರ್ ಇದ್ದರೆ, ಸಾವಿರ ಲೀಟರ್ ಎತ್ತಲು ಶುದ್ಧ ಲೆಕ್ಕದಲ್ಲಿ ಬೇಕಾದ್ದು 0.04 ಯೂನಿಟ್ ಮಾತ್ರ. ಸಣ್ಣ ಪಂಪು, ಪೈಪಿನ ತಿಕ್ಕಾಟ ಎಲ್ಲ ಹಿಡಿದರೂ 0.2 ಯೂನಿಟ್ಟಿನ ಒಳಗೆ ಮುಗಿಯಬೇಕು. ಒಂದು ಎಚ್‌ಪಿ ಮೋಟರು 1.1 ಕಿಲೋವ್ಯಾಟ್ ಎಳೆಯುತ್ತ 40 ನಿಮಿಷ ಓಡಿದರೆ 0.73 ಯೂನಿಟ್. ಅಂದರೆ ನೂರು ಪಾಲಿನಲ್ಲಿ ಆರು ಪಾಲೂ ನೀರಿಗೆ ಹೋಗುತ್ತಿಲ್ಲ.

ಕಾರಣ ಹುಡುಕುವುದಕ್ಕೆ ಒಂದು ಕ್ರಮವಿದೆ. ಪಂಪು ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದಾಗ ನೀರು ಬರಲು ತಡವಾದರೆ, ಅಥವಾ ಮೇಲಿಂದ ನೀರು ಹೊಯ್ದೇ ಶುರು ಮಾಡಬೇಕಾದರೆ, ಹೀರುವ ಪೈಪಿನ ಬುಡದಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದೆ. ಎಲೆ, ಕಸ ಸಿಕ್ಕಿಕೊಂಡಿರಬಹುದು, ಒಳಗಿನ ವಾಷರ್ ಸವೆದಿರಬಹುದು. ನೀರಿನ ಜೊತೆ ಗಾಳಿಯ ಗುಳ್ಳೆ ಬಂದರೆ ಹೀರುವ ಪೈಪಿನ ಜೋಡಣೆ ಸಡಿಲ. ಮಳೆಗಾಲದಲ್ಲಿ ಚೆನ್ನಾಗಿದ್ದು ಏಪ್ರಿಲ್‌ನಲ್ಲಿ ಸೊರಗಿದರೆ ಬಾವಿಯ ನೀರು ಕೆಳಗಿಳಿದಿದೆ; ದಂಡೆಯ ಮೇಲೆ ಕೂತ ಪಂಪು ಏಳು ಮೀಟರಿಗಿಂತ ಕೆಳಗಿನ ನೀರನ್ನು ಸರಿಯಾಗಿ ಹೀರಲಾರದು. ಪಂಪನ್ನು ಬಾವಿಯೊಳಗೆ ಕಟ್ಟೆ ಮಾಡಿ ಇಳಿಸಬೇಕು, ಇಲ್ಲವೇ ಮುಳುಗುವ ಪಂಪು ಹಾಕಬೇಕು. ಇವೆಲ್ಲ ಸರಿಯಿದ್ದರೆ ಪೈಪಿನ ಗಾತ್ರ ನೋಡಿ: ಒಂದು ಇಂಚಿನ ಪಂಪಿಗೆ ಮುಕ್ಕಾಲು ಇಂಚಿನ ಪೈಪು, ದಾರಿಯಲ್ಲಿ ಏಳೆಂಟು ಎಲ್ಬೋ. ಪ್ಲಂಬರಿಗೆ ಅಂದು ಕೈಗೆ ಸಿಕ್ಕ ಪೈಪು ಮೂವತ್ತು ವರ್ಷ ಕರೆಂಟು ತಿನ್ನುತ್ತದೆ. ಇಂಪೆಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರದ ಸವೆತ ನೋಡುವುದು ಕೊನೆಗೆ.

ವೋಲ್ಟೇಜನ್ನೂ ಇಲ್ಲೇ ಅಳೆಯಿರಿ, ಸಂಜೆ ಏಳರ ಹೊತ್ತಿಗೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಜಲವಿದ್ಯುತ್ತಿನ ಸಾಲೇ ಇದೆ. ಆದರೂ ಲೈನಿನ ತುದಿಯ ಮನೆಗೆ 180 ವೋಲ್ಟ್ ಬರುವುದುಂಟು. ಉತ್ಪಾದನೆ ಹತ್ತಿರದಲ್ಲಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ, ಟ್ರಾನ್ಸ್‌ಫಾರ್ಮರಿನಿಂದ ಮನೆಗೆ ಬರುವ ತಂತಿಯ ಉದ್ದ, ದಪ್ಪ, ಜೋಡಣೆಯೇ ಇಲ್ಲಿ ಮುಖ್ಯ. 180 ವೋಲ್ಟಿನಲ್ಲಿ ಪಂಪಿನ ಮೋಟರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ, ನೀರು ಕಡಿಮೆ ಕೊಡುತ್ತದೆ. ಬೆಳಿಗ್ಗೆ ಐದರ ಹೊತ್ತಿಗೆ ವೋಲ್ಟೇಜ್ ಚೆನ್ನಾಗಿದ್ದರೆ ಟ್ಯಾಂಕು ತುಂಬಲು ಅದೇ ಸಮಯ.

ಫ್ಯಾನು, ದೀಪ, ಫ್ರಿಜ್ಜಿನ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಹಳೆಯ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 10 ಗಂಟೆ ತಿರುಗುವ ಒಂದು ಫ್ಯಾನಿನಿಂದ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ. ಎಲ್ಲ ಫ್ಯಾನು ಬದಲಿಸುವ ಅಗತ್ಯವಿಲ್ಲ, ರಾತ್ರಿಯಿಡೀ ತಿರುಗುವ ಎರಡು ಸಾಕು. ಫ್ರಿಜ್ಜಿನ ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರು ಹೋಗಿದೆ. ಕಡಲಿಗೆ ಹತ್ತಿರದ ಮನೆಯಲ್ಲಿ ಹಿಂಬದಿಯ ಜಾಲರಿ ಉಪ್ಪುಗಾಳಿಗೆ ತುಕ್ಕು ಹಿಡಿದು ಶಾಖ ಬಿಡಲಾರದೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಇನ್ವರ್ಟರು ನಮ್ಮಲ್ಲಿ ಬೇಕೇ ಬೇಕು, ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಆದರೆ ಸುಮ್ಮನಿರುವಾಗಲೂ ಅದು 15–30 ವ್ಯಾಟ್ ಎಳೆಯುತ್ತದೆ, ಬ್ಯಾಟರಿ ಮುಪ್ಪಾದಷ್ಟೂ ಹೆಚ್ಚು. ಕರೆಂಟು ಹೋಗದೆ ನಾಲ್ಕು ದಿನವಾದರೂ ಬ್ಯಾಟರಿ ಕೈಗೆ ಬೆಚ್ಚಗೆ ತಾಗಿದರೆ, ಮತ್ತೆ ಮತ್ತೆ ನೀರು ಕೇಳಿದರೆ, ಅದರ ಆಯುಸ್ಸು ಮುಗಿಯುತ್ತ ಬಂದಿದೆ.

ಇಲ್ಲಿಯವರೆಗಿನದನ್ನು ಒಂದು ಮಾದರಿ ಮನೆಗೆ ಕೂಡಿಸಿ ನೋಡೋಣ, ಮೇ ತಿಂಗಳಿಗೆ. ನಾಲ್ಕು ಹಳೆಯ ಫ್ಯಾನು 90 ಯೂನಿಟ್, ಫ್ರಿಜ್ 36, ಕೆಟ್ಟ ಪಂಪು 22, ದೀಪ 15, ಇನ್ವರ್ಟರ್ 15, ಟಿವಿ-ಮಿಕ್ಸಿ ಇತ್ಯಾದಿ 15. ಒಟ್ಟು 193. ಎರಡು ಫ್ಯಾನು ಬದಲಿಸಿ, ಫುಟ್‌ವಾಲ್ವ್ ಮತ್ತು ಪೈಪು ಸರಿಮಾಡಿದರೆ 150ಕ್ಕೆ ಇಳಿಯುತ್ತದೆ. 200ರ ಗೆರೆಯ ಹೆದರಿಕೆ ಇಲ್ಲ.

ಬಚ್ಚಲಿನ ಲೆಕ್ಕ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ತೋಟದ ಕಟ್ಟಿಗೆ, ಕಾಯಿಸಿಪ್ಪೆ, ಮಡಲು, ಘಟ್ಟದ ಮೇಲಾದರೆ ಅಡಿಕೆ ಸಿಪ್ಪೆ. ಪುಕ್ಕಟೆ ಎಂದೇ ಎಲ್ಲರ ಭಾವನೆ. ಕಡಿಯುವ, ಹೊರುವ, ಒಣಗಿಸುವ, ಜೋಡಿಸುವ ಕೂಲಿ ಹಾಕಿದರೆ ಪುಕ್ಕಟೆಯಲ್ಲ. ನಾಲ್ಕು ಜನರ ಸ್ನಾನಕ್ಕೆ 80 ಲೀಟರ್ ನೀರನ್ನು 26 ಡಿಗ್ರಿಯಿಂದ 40ಕ್ಕೆ ಏರಿಸಲು ಬೇಕಾದ ಶಾಖ 1.3 ಯೂನಿಟ್. ಗೀಸರಿನಲ್ಲಿ ಟ್ಯಾಂಕು ತಣ್ಣಗಾಗುವ ನಷ್ಟವೂ ಸೇರಿ ದಿನಕ್ಕೆ 1.6, ತಿಂಗಳಿಗೆ 48 ಯೂನಿಟ್. ಶಿರಸಿಯ ಡಿಸೆಂಬರಿನಲ್ಲಿ ಬಾವಿ ನೀರು ಇನ್ನೂ ತಣ್ಣಗಿರುವುದರಿಂದ ಇದರ ಒಂದೂವರೆ ಪಟ್ಟು ಹಿಡಿಯಬೇಕು. ಹಂಡೆಯ ಒಲೆಯಲ್ಲಿ ಉರಿಯ ನೂರು ಪಾಲಿನಲ್ಲಿ ನೀರಿಗೆ ತಾಗುವುದು 10–15 ಪಾಲು. ಹಾಗಾಗಿ ಅದೇ 80 ಲೀಟರಿಗೆ ಒಣ ಕಟ್ಟಿಗೆ ಮೂರು ಕಿಲೋ ಬೇಕು. ಮಳೆಯಲ್ಲಿ ನೆನೆದ ಕಟ್ಟಿಗೆಯಾದರೆ ಆರು ಕಿಲೋ, ಮೇಲೆ ಹೊಗೆ. ಕಟ್ಟಿಗೆಯೊಳಗಿನ ನೀರನ್ನು ಆವಿ ಮಾಡುವುದಕ್ಕೇ ಒಂದು ಪಾಲು ಉರಿ ಹೋಗುತ್ತದೆ. ಕಟ್ಟಿಗೆ ಕೊಟ್ಟಿಗೆಯ ಮಾಡು (ಚಾವಣಿ) ಸೋರದಂತೆ ನೋಡಿಕೊಳ್ಳುವುದು, ಅಡಿಗೆ ಕಲ್ಲಿಟ್ಟು ನೆಲದಿಂದ ಅರ್ಧ ಅಡಿ ಎತ್ತರಿಸಿ ಪೇರಿಸುವುದು ಇಡೀ ಮನೆಯಲ್ಲೇ ಅತಿ ಅಗ್ಗದ ಉಳಿತಾಯ.

ಒಲೆಯನ್ನು ಬಗ್ಗಿ ನೋಡಿ. ಹಂಡೆಯ ಸುತ್ತ ಕೈ ತೂರುವಷ್ಟು ಸಂದಿ ಇದ್ದರೆ ಬೆಂಕಿ ಅಲ್ಲಿಂದ ಮೇಲೆ ಹಾರುತ್ತದೆ. ಎರಡು ಬೆರಳಿನಷ್ಟು ಬಿಟ್ಟು ಉಳಿದದ್ದನ್ನು ಮಣ್ಣಿನಿಂದ ಮುಚ್ಚಬೇಕು. ಕೆಳಗೆ ಕಬ್ಬಿಣದ ಜಾಲರಿ ಇರಬೇಕು, ಜಾಲರಿಯ ಅಡಿ ಬೂದಿ ತುಂಬಿ ಗಾಳಿ ಕಟ್ಟಿರಬಾರದು. ಬಾಯಿ ಅಗಲವಾದಷ್ಟೂ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಗುಟ್ಟು ಇಷ್ಟೇ: ಜಾಲರಿ, ಮುಚ್ಚಿದ ಗೂಡು, ಹೊಗೆ ಕೊಳವೆ. ಹೀಗೆ ಕಟ್ಟಿದ ಒಲೆಗೆ ಕಟ್ಟಿಗೆ ಅರ್ಧ ಸಾಕು. ಕೊಳವೆಯ ಮಸಿಯನ್ನು ಮಳೆಗಾಲದ ಮೊದಲು ತೆಗೆಸದಿದ್ದರೆ ಹೊಗೆ ಒಳಗೇ ಸುತ್ತುತ್ತದೆ. ಗೀಸರ್ ಇಡುವವರಿಗೆ ಒಂದು ಮಾತು: ನಮ್ಮ ಚಿರೆಕಲ್ಲಿನ ನೆಲದ ಬಾವಿ ನೀರು ಮೃದು, ಬಯಲುಸೀಮೆಯಂತೆ ಗೀಸರಿನ ಕಾಯಿಲಿಗೆ ಸುಣ್ಣ ಕಟ್ಟುವುದು ಅಪರೂಪ, ಆದರೆ ಟ್ಯಾಂಕಿಗೆ ತುಕ್ಕು ಬೇಗ. ಒಳಗಿನ ಮೆಗ್ನೀಶಿಯಂ ಕಡ್ಡಿಯನ್ನು ಎರಡು ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು.

ಅಡುಗೆಯ ಹೋಲಿಕೆ ಸರಳ. 14.2 ಕಿಲೋ ಸಿಲಿಂಡರಿನಲ್ಲಿ 180 ಯೂನಿಟ್ಟಿನಷ್ಟು ಶಾಖವಿದೆ, ಪಾತ್ರೆಗೆ ತಲುಪುವುದು ಸುಮಾರು 120. ಇಂಡಕ್ಷನ್‌ನಲ್ಲಿ ಅಷ್ಟೇ ಕೆಲಸಕ್ಕೆ 140 ಯೂನಿಟ್ ಕರೆಂಟು ಬೇಕು. ನಿಮ್ಮ ಸಿಲಿಂಡರಿನ ದರವನ್ನು 140ರಿಂದ ಭಾಗಿಸಿ. ಬಂದ ಅಂಕಿ ಯೂನಿಟ್ ದರಕ್ಕಿಂತ ಕಡಿಮೆ ಇದ್ದರೆ ಗ್ಯಾಸೇ ಅಗ್ಗ. ದನ ಕಟ್ಟಿದ ಮನೆಗೆ ಇವೆರಡಕ್ಕಿಂತ ಗೋಬರ್ ಗ್ಯಾಸ್ ಮೇಲು. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಪೂರ್ತಿ ಕೊಟ್ಟರೆ ತಿಂಗಳಿಗೆ ಒಂದೂವರೆ ಸಿಲಿಂಡರಿಗೆ ಕಡಿಮೆಯಿಲ್ಲ, ಬಗ್ಗಡ ತೋಟಕ್ಕೆ. ಹಾಳು ಬಿದ್ದ ಗುಂಡಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಸಗಣಿ ಸಾಲದೆ, ಇಲ್ಲವೇ ಮಳೆನೀರು ಒಳಹೋಗಿ ತೆಳುವಾಗಿ. ಹಳೆ ಮನೆಯ ಹಿತ್ತಲಲ್ಲಿ ಅಂಥದ್ದೊಂದಿದ್ದರೆ ಮಣ್ಣು ತುಂಬಿ ಮುಚ್ಚುವ ಮುಂಚೆ ಯೋಚಿಸಿ. ಆದರೆ ಹಳೆಯ ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ, ಅಲ್ಲಿನ ಗಾಳಿ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ತೊಳೆಸುವುದಾದರೆ ಸಲಕರಣೆ ಇರುವವರಿಂದಲೇ.

ಈಗ ಮಾಡು, ಗೋಡೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಸೋಗೆ, ಹುಲ್ಲಿನ ಮಾಡುಗಳು ನಿಧಾನಕ್ಕೆ ಹಂಚಾದವು. ಹಂಚಿನ ಮಾಡು ತೆಳು, ಸೂರ್ಯ ಮುಳುಗಿದ ಗಂಟೆಯಲ್ಲಿ ತಣ್ಣಗಾಗುತ್ತದೆ. ಸಂದಿಗಳಿಂದ ಬಿಸಿಗಾಳಿ ಹೊರಹೋಗುತ್ತದೆ. ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕುಡಿದ ಶಾಖವನ್ನು ಮಧ್ಯರಾತ್ರಿ ತನಕ ಕೆಳಗೆ ಬಿಡುತ್ತದೆ. ಹಂಚು ತೆಗೆದು ಸ್ಲ್ಯಾಬು ಹಾಕಿಸಿದರೆ ನಿರ್ವಹಣೆ ಇಲ್ಲ ಎನ್ನುವವರು ಆಮೇಲೆ ಬರುವ ಎಸಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂಚಿನ ಮನೆಯ ತೊಂದರೆ ಮಧ್ಯಾಹ್ನದ ಕಾವು. ಏಪ್ರಿಲ್‌ನ ಎರಡು ಗಂಟೆಗೆ ಹಂಚಿನ ಒಳಮೈ 40 ಡಿಗ್ರಿ ದಾಟಿರುತ್ತದೆ, ತಲೆಯ ಮೇಲೆ ಅದರ ಝಳ ನೇರ ಬಡಿಯುತ್ತದೆ. ಮುಚ್ಚಿಗೆ (ಹಂಚಿನ ಕೆಳಗಿನ ಒಳಚಾವಣಿ) ಅಥವಾ ಅಟ್ಟ ಇರುವ ಕೋಣೆಗೂ ಇಲ್ಲದ ಕೋಣೆಗೂ ಅದೇ ಹೊತ್ತಿನಲ್ಲಿ ಹೋಗಿ ನಿಂತರೆ ಸಾಕು, ಗೊತ್ತಾಗುತ್ತದೆ. ಮುಚ್ಚಿಗೆ ಇಲ್ಲದ ಕಡೆ ರೀಪಿನ ಅಡಿಗೆ ಅಲ್ಯೂಮಿನಿಯಂ ಹಾಳೆ ಕಟ್ಟಿಸಬಹುದು. ಹೊಳೆಯುವ ಮೈ ಕೆಳಮುಖವಾಗಿರಲಿ, ಮೇಲ್ಮುಖವಾದರೆ ಧೂಳು ಕೂತು ಪ್ರಯೋಜನ ಹೋಗುತ್ತದೆ. ಹಂಚಿಗೂ ಹಾಳೆಗೂ ಒಂದಿಂಚಾದರೂ ಸಂದು ಇರಬೇಕು, ಸೂರಂಚು ಮತ್ತು ನೆತ್ತಿ ಎರಡೂ ಕಡೆ ಗಾಳಿಗೆ ದಾರಿ ಬಿಡಬೇಕು. ಪಿವಿಸಿ ಸೀಲಿಂಗನ್ನು ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದರೆ ಸೋರಿದ ನೀರು ಕಾಣದೆ ಪಕಾಸು (ಮಾಡಿನ ಇಳಿಜಾರು ಮರಗಳು) ಕೊಳೆಯುತ್ತದೆ, ಒರಲೆ ಹತ್ತುತ್ತದೆ. ಆ ರಿಪೇರಿಗೆ ಹತ್ತು ವರ್ಷದ ಕರೆಂಟಿನ ಉಳಿತಾಯವೂ ಸಾಲದು.

ಘಟ್ಟದ ಕೆಳಗಿನ ಬುದ್ಧಿ ಘಟ್ಟದ ಮೇಲೆ ನಡೆಯುವುದಿಲ್ಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಫೆಬ್ರುವರಿ-ಮಾರ್ಚಿನಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ಚಳಿ. ಅಲ್ಲಿ ದಪ್ಪ ಗೋಡೆಯ ಮನೆಯ ಕಿಟಕಿಗಳನ್ನು ರಾತ್ರಿ ತೆರೆದು ಹಗಲು ಮುಚ್ಚಿದರೆ ಫ್ಯಾನೂ ಬೇಡ. ಕಾರವಾರದಲ್ಲಿ ಹಗಲಿಗೂ ರಾತ್ರಿಗೂ ಏಳೆಂಟು ಡಿಗ್ರಿ ವ್ಯತ್ಯಾಸವಷ್ಟೇ, ಗಾಳಿಯಲ್ಲಿ ತೇವ ಬೇರೆ. ಅಲ್ಲಿ ಬೇಕಾದ್ದು ಗಾಳಿಯ ಓಟ: ಮಧ್ಯಾಹ್ನದ ನಂತರ ಪಡುವಣ ಕಡಲಗಾಳಿಗೆ ಎದುರು-ಬದುರು ಕಿಟಕಿ ತೆರೆದಿರಬೇಕು. ಹಳೆಯ ಜಗಲಿಯನ್ನು ಗಾಜು ಹಾಕಿ ಮುಚ್ಚಿ ಕೋಣೆ ಮಾಡಿದ ಮನೆಗಳಲ್ಲಿ ಮೊದಲು ಕೆಡುವುದೇ ಈ ಓಟ.

ಗೋಡೆ ಒದ್ದೆಯಾದರೆ ಎಸಿಯ ಖರ್ಚು ಎಷ್ಟೇರುತ್ತದೆ ಎಂದು ತಿಳಿಯಲು ಎಸಿಯ ನೀರಿನ ಪೈಪಿನ ಕೆಳಗೆ ಬಕೆಟ್ ಇಡಿ. ಒಂದು ಲೀಟರ್ ನೀರನ್ನು ಗಾಳಿಯಿಂದ ಹಿಂಡಲು ಸುಮಾರು 0.2 ಯೂನಿಟ್ ಬೇಕು. ರಾತ್ರಿ ಕಳೆದು ಬೆಳಗಾಗುವಾಗ ಹತ್ತು ಲೀಟರ್ ತುಂಬಿದ್ದರೆ ಎರಡು ಯೂನಿಟ್ ಕೋಣೆ ತಂಪು ಮಾಡಲು ಅಲ್ಲ, ನೀರು ಹಿಂಡಲು ಹೋಗಿದೆ. ಬಿಗಿಯಾದ ಒಣ ಕೋಣೆಯಲ್ಲಿ ಮೊದಲ ಎರಡು ಗಂಟೆಯ ನಂತರ ಹನಿ ನಿಧಾನವಾಗುತ್ತದೆ. ಬೆಳಗಿನ ತನಕ ಒಂದೇ ಸಮ ಸುರಿದರೆ ಹೊರಗಿನ ಗಾಳಿ ನುಗ್ಗುತ್ತಿದೆ ಅಥವಾ ಗೋಡೆಯೇ ನೀರು ಬಿಡುತ್ತಿದೆ. ಮುಚ್ಚಿಗೆಯಿಲ್ಲದ ಹಂಚಿನ ಕೋಣೆಗೆ ಎಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಚಿರೆಕಲ್ಲು ನೀರು ಹೀರುವ ಕಲ್ಲು, ಹಾಗೆಯೇ ಬಿಡುವ ಕಲ್ಲು ಕೂಡ. ಮಣ್ಣಿನಲ್ಲೋ ಸುಣ್ಣದಲ್ಲೋ ಕಟ್ಟಿದ ಗೋಡೆಯ ಮೇಲೆ ಸಿಮೆಂಟು ಗಾರೆ, ಪ್ಲಾಸ್ಟಿಕ್ ಬಣ್ಣ ಬಳಿದರೆ ನೀರಿಗೆ ಹೊರದಾರಿ ಇರುವುದಿಲ್ಲ. ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆಯೆದ್ದು ಗಾರೆ ಸಿಪ್ಪೆಯಾಗುತ್ತದೆ. ನೀರು ಎಲ್ಲಿಂದ ಬಂತೆಂಬುದನ್ನು ಕಲೆಯ ಎತ್ತರ ಹೇಳುತ್ತದೆ. ನೆಲದಿಂದ ಎರಡು-ಮೂರು ಅಡಿ ತನಕ ಒಂದೇ ಸಮನಾದ ಕಲೆಯಿದ್ದರೆ ಪಾಯದಿಂದ ಏರಿದ್ದು. ಅಂಗಳದ ಮಣ್ಣು ಎತ್ತರವಾಗಿ ಪಂಚಾಂಗವನ್ನು (ಗೋಡೆ ನಿಂತ ಅಡಿಕಟ್ಟೆಯನ್ನು) ಮುಚ್ಚಿದೆಯೇ ನೋಡಿ, ಅಗೆಸಿ ಕಾಲುವೆ ಮಾಡಿಸಿ. ನೈರುತ್ಯದ ಗೋಡೆ ಮಾತ್ರ ಒದ್ದೆಯಿದ್ದರೆ ಇರಚಲು. ಅದಕ್ಕೆ ಸೂರು ಎರಡಡಿ ಮುಂದೆ ತರುವುದು ಅಥವಾ ಮಳೆಗಾಲಕ್ಕೆ ಹಿಂದಿನವರಂತೆ ತಟ್ಟಿ ಕಟ್ಟುವುದೇ ಸರಿ. ಮೇಲಿಂದ ನಾಲಿಗೆಯಂತೆ ಇಳಿದ ಕಲೆ ಹಂಚಿನದು. ಗಾರೆ ಹೊಸದಾಗಿ ಮಾಡಿಸುವುದಾದರೆ ಸುಣ್ಣದ್ದೇ ಆಗಲಿ, ಅದೂ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ. ಸ್ಲ್ಯಾಬಿನ ಮೇಲೆ ಬಿಳಿ ಬಣ್ಣ ಬಳಿಸುವವರೂ ಆಗಲೇ ಬಳಿಸಿ. ಮೇಯಲ್ಲಿ ಬಳಿದದ್ದು ಆಗಸ್ಟಿನಷ್ಟರಲ್ಲಿ ಪಾಚಿಗಟ್ಟಿ ಕಪ್ಪಾಗುತ್ತದೆ, ಮುಂದಿನ ಬೇಸಿಗೆಗೆ ಅದರಿಂದ ಏನೂ ಉಪಯೋಗವಿಲ್ಲ.

ಹಂಚಿನ ವಾರ್ಷಿಕ ಖರ್ಚನ್ನು ಮನೆ ನಡೆಸುವ ಲೆಕ್ಕದಲ್ಲೇ ಸೇರಿಸಬೇಕು. ಚದರ ಮೀಟರಿಗೆ ಸುಮಾರು 15 ಹಂಚು. 120 ಚದರ ಮೀಟರಿನ ಮಾಡಿಗೆ 1,800. ಮಂಗ, ತೆಂಗಿನಕಾಯಿ, ಪಾಚಿ ಸೇರಿ ನೂರಕ್ಕೆ ಎರಡು-ಮೂರು ಒಡೆದರೂ ವರ್ಷಕ್ಕೆ 40–50 ಬೇಕು. ಹೊಸ ಹಂಚು ತಂದರೆ ಹಳೆಯದರ ಜೊತೆ ಕೂರುವುದಿಲ್ಲ, ಹಂಚು ಒಂದರೊಳಗೊಂದು ಕೂರುವ ಗಾಡಿಗೆ (ತೋಡಿಗೆ) ಒಂದೊಂದು ಕಾರ್ಖಾನೆಯಲ್ಲೂ ನೂಲಿನಷ್ಟು ಅಂತರವಿರುತ್ತದೆ, ಅಲ್ಲಿಂದಲೇ ಸೋರುತ್ತದೆ. ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಊರಿನಲ್ಲಿ ಯಾರಾದರೂ ಅದೇ ಹೆಸರಿನ ಹಂಚು ಕೀಳಿಸುತ್ತಿದ್ದರೆ ಇನ್ನೂರು ಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿಸಿಡಿ.

ಮಾಡಿನ ಮೇಲೆ ಸೋಲಾರ್ ಎಂಬುದು ಕೊನೆಗೆ ಬರಬೇಕಾದ ಮಾತು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರು ಮತ್ತು ಮೇಲ್ಪಟ್ಟಿದ್ದಕ್ಕೆ ಒಟ್ಟು 78,000 ಸಹಾಯಧನ ಇದೆ. ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎನ್ನುತ್ತಾರೆ. ಜುಲೈಯಲ್ಲಿ ನಮ್ಮಲ್ಲಿ ಅದರ ಅರ್ಧವೂ ಕಷ್ಟ. ಬಳಕೆ ಅರ್ಹ ಯೂನಿಟ್ಟಿನ ಒಳಗೇ ಇದ್ದರೆ ಹಾಕಿದ ಹಣ ಸದ್ಯಕ್ಕೆ ಮರಳುವುದಿಲ್ಲ. ಹಾಕಿಸುವುದೇ ಆದರೆ ಹಂಚಿನ ಮೇಲೆ ಬೇಡ, ಕೊಳವೆ ಊರಿದ ಪ್ರತಿ ಹಂಚೂ ಸೋರುತ್ತದೆ, ಮಂಗ ಹತ್ತಿದಾಗ ರಿಪೇರಿಗೆ ಕೈ ಹೋಗುವುದಿಲ್ಲ. ಬಚ್ಚಲು ಕೊಟ್ಟಿಗೆಯ ಸ್ಲ್ಯಾಬು ಅಥವಾ ಅಡಿಕೆ ಒಣಗಿಸುವ ಅಂಗಳದ ಅಂಚು ನೋಡಿ, ಕಡಲಿಗೆ ಹತ್ತಿರವಾದರೆ ಚೌಕಟ್ಟಿಗೆ ಅಲ್ಯೂಮಿನಿಯಂ ಅಥವಾ ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣವನ್ನೇ ಕೇಳಿ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವು ಎಂದು ಬರೆಸಿಕೊಳ್ಳಿ.